ಸರಕಿನ ಮುದ್ರೆ ಮತ್ತು ಫಿರ್ಯಾದಿಯ ಅಧಿಕಾರ

ಶಾಸ್ತ್ರಗ್ರಂಥವನ್ನು ಆರಂಭಿಸುವಾಗ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಮೊದಲು ಹೇಳುವುದು ನಮ್ಮ ಪೂರ್ವಿಕರ ಪದ್ಧತಿ. ಇವುಗಳಲ್ಲಿ ಕಡೆಯದಾದ 'ಅಧಿಕಾರಿ' ಎಂಬ ಶಬ್ದಕ್ಕೆ ಕಚೇರಿಯ ಕುರ್ಚಿಯಲ್ಲಿ ಕುಳಿತವನು ಎಂಬ ಅರ್ಥವು ಈಚಿನದು. ಆ ವಿಷಯಕ್ಕೆ ಅರ್ಹನಾದವನು ಎಂಬುದೇ ಶಾಸ್ತ್ರದ ಅರ್ಥ. ಪ್ರಕೃತ ಲೇಖನದ ವಿಷಯವೂ ಆ ಅರ್ಥವನ್ನೇ ಅವಲಂಬಿಸಿದೆ. ಒಬ್ಬ ವ್ಯಾಪಾರಿಯ ಸರಕಿನ ಗುರುತನ್ನು ಇನ್ನೊಬ್ಬನು ಕದ್ದು ತನ್ನ ಸರಕಿಗೆ ಹಚ್ಚಿ ಮಾರಿದರೆ, ಅವನ ಮೇಲೆ ಫೌಜದಾರಿ ಫಿರ್ಯಾದು ಕೊಡಲು ಅಧಿಕಾರಿ ಯಾರು? ಗುರುತಿನ ಒಡೆಯನೊಬ್ಬನೆಯೇ? ಮೋಸಹೋಗಿ ಕೊಂಡವರೂ ಆಗಬಹುದೇ? ಅಥವಾ ಸರ್ಕಾರದ ರಿಜಿಸ್ಟ್ರಾರರೇ ಮುಂದೆ ಬರಬೇಕೇ? ಕನ್ನಡ ಪಂಡಿತನಿಗೆ ಈ ವ್ಯವಹಾರವೇಕೆ ಎಂದು ನನ್ನ ಸಹೋದ್ಯೋಗಿಗಳು ನಗಬಹುದು. ಆದುದರಿಂದ ಕಾರಣವನ್ನು ಮೊದಲೇ ಅರಿಕೆಮಾಡುತ್ತೇನೆ.

ಹಳ್ಳಿಯ ಶಾಲೆಯಲ್ಲಿ ಕನ್ನಡ ಕಲಿಸುವವನಿಗೆ ಪಾಠಪ್ರವಚನದೊಡನೆ ಊರವರ ಅರ್ಜಿ ಬರೆದುಕೊಡುವ ಕೆಲಸವೂ ತಾನಾಗಿ ಬಂದೊದಗುತ್ತದೆ. ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಮಾನ್ವಿಯ ಸೀಮೆಯಲ್ಲಿ ಅಕ್ಕಿಯ ಗಿರಣಿ ನಡೆಸುವವನು, ಒಂದು ಸಂಜೆ ಎರಡು ಖಾಲಿ ಚೀಲಗಳನ್ನು ಹಿಡಿದುಕೊಂಡು ಮನೆಗೆ ಬಂದ. ಎರಡರ ಮೇಲೂ ಭತ್ತದ ಎರಡು ತೆನೆಗಳ ನಡುವೆ ಉರಿಯುವ ಹಣತೆಯ ಚಿತ್ರ. ಒಂದು ಅವನ ಗಿರಣಿಯದು, ಇನ್ನೊಂದು ಅವನದಲ್ಲ. ಬೇರೆಯವನು ಅಚ್ಚು ಹಾಕಿಸಿದ ಆ ಚೀಲದಲ್ಲಿ ಹಣತೆಯ ಕುಡಿಯು ಬಲಕ್ಕೆ ವಾಲುವ ಬದಲು ಎಡಕ್ಕೆ ವಾಲಿತ್ತು, ಅಷ್ಟೇ ಭೇದ. ಅವನೊಡನೆ ದೇವದುರ್ಗದಲ್ಲಿ ಖಾನಾವಳಿ ನಡೆಸುವ ತಾಯಿಯೊಬ್ಬರೂ ಬಂದಿದ್ದರು. ಆ ಎರಡನೆಯ ಚೀಲದ ಅಕ್ಕಿಯನ್ನು ಕೊಂಡು ಬೇಯಿಸಿದವರು ಅವರೇ.

"ಗುರುಗಳ, ನಿಮ್ಮ ಗುರುತು ರಿಜಿಸ್ಟರ್ ಆಗಿಲ್ಲ, ಹಂಗಾಗಿ ಕೇಸ್ ಆಗಂಗಿಲ್ಲ ಅಂತ ಠಾಣೆದಾಗ ಹೇಳಿ ಕಳಿಸ್ಯಾರ್ರಿ" ಎಂದ ಅವನು. ಆ ತಾಯಿಯ ಅಳಲು ಬೇರೆ. "ರೊಕ್ಕ ಕೊಟ್ಟು ತಂದಾಕಿ ನಾನು. ಅನ್ನ ನೋಡಿ ಗಿರಾಕಿ ಎದ್ದು ಹ್ವಾದರು. ಮಾಲಕ ಅಲ್ಲದಾಕಿ ನಿನಗೇನು ಸಂಬಂಧ ಅಂತ ಕೇಳ್ತಾರ್ರಿ."

ಒಬ್ಬನಿಗೆ ನೋಂದಣಿಯಿಲ್ಲವೆಂಬ ಕಾರಣ, ಇನ್ನೊಬ್ಬರಿಗೆ ಒಡೆತನವಿಲ್ಲವೆಂಬ ಕಾರಣ. ಎರಡೂ ಕಾರಣಗಳು ಸರಿಯೇ ಎಂದು ತಿಳಿಯಲು ನಾನು ಕಾಯಿದೆಯ ಮೂಲವನ್ನೇ ತರಿಸಿ ಓದಿದೆನು. ಸಂದೇಹ ಬಂದೆಡೆ ರಾಯಚೂರಿನ ವಕೀಲ ಮಿತ್ರರನ್ನು ಕೇಳಿ ತಿದ್ದಿಕೊಂಡೆನು. ಆ ಓದಿನ ಫಲವೇ ಈ ಲೇಖನ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅಂಗಡಿ, ಗಿರಣಿ, ಬೀಜ-ಗೊಬ್ಬರದ ವ್ಯಾಪಾರ ಮಾಡುವವರು ಅನೇಕರಿರುವುದರಿಂದ ಇದು ಅವರಿಗೆ ಉಪಯೋಗಕ್ಕೆ ಬಂದೀತು.

ಗುರುತಿನ ಮಹತ್ತ್ವವನ್ನು ಈ ಊರಿನವರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ಚೀಕಲಪರ್ವಿಯು 'ವಿಜಯವಿಠಲ' ಎಂಬ ಅಂಕಿತದ ವಿಜಯದಾಸರು ಹುಟ್ಟಿದ ಊರು. ಹತ್ತಿರದ ಮಾನ್ವಿಯು 'ಜಗನ್ನಾಥವಿಠಲ' ಎಂಬ ಅಂಕಿತದ ಜಗನ್ನಾಥದಾಸರ ಊರು. ಅವರಿಗೂ ಹಿಂದೆ ಶರಣರಲ್ಲಿ ಕೂಡಲಸಂಗಮದೇವ ಎಂದರೆ ಬಸವಣ್ಣನವರು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ. ಅಂಬಿಗರ ಚೌಡಯ್ಯನಂತೂ ತನ್ನ ಹೆಸರನ್ನೇ ಅಂಕಿತವಾಗಿಸಿದವನು. ಹಸ್ತಪ್ರತಿಗಳಲ್ಲಿ ಪ್ರಸಿದ್ಧರ ಅಂಕಿತವನ್ನು ಹಚ್ಚಿಕೊಂಡ ಕೃತಕ ರಚನೆಗಳು ಸೇರಿಕೊಂಡಿರುವುದನ್ನು ಸಂಪಾದನೆಯ ಕೆಲಸ ಮಾಡಿದವರೆಲ್ಲ ಬಲ್ಲರು. ಅಲ್ಲಿ ದೂರು ಕೊಡಲು ಅಂಕಿತದ ಒಡೆಯರು ಬರುವಂತಿಲ್ಲ. ಓದುಗನೇ, ವಿದ್ವಾಂಸನೇ ಇದು ಅವರದಲ್ಲವೆಂದು ಎತ್ತಿ ಹೇಳಬೇಕು. ಸರಕಿನ ಮುದ್ರೆಯೂ ಇಂಥದೇ ಒಂದು ಅಂಕಿತ. ಇದು ಯಾರ ಕೈಯಿಂದ ಬಂದುದು ಎಂಬುದನ್ನು ಅಕ್ಷರ ಬಾರದವನಿಗೂ ಚಿತ್ರದಿಂದ ತಿಳಿಸುವುದೇ ಅದರ ಕೆಲಸ. ಆದುದರಿಂದ ಅದನ್ನು ಕದ್ದಾಗ ಪೆಟ್ಟು ಒಡೆಯನಿಗೊಂದು ಬೀಳುತ್ತದೆ, ನಂಬಿ ಕೊಂಡವನಿಗೊಂದು ಬೀಳುತ್ತದೆ.

ಇನ್ನು ಕಾಯಿದೆಯ ಮಾತು. ಭಾರತದಲ್ಲಿ ಸರಕಿನ ಮೇಲೆ ಸುಳ್ಳು ಗುರುತು ಹಚ್ಚುವುದನ್ನು ದಂಡಿಸಲು 1889ರಲ್ಲಿಯೇ ಒಂದು ಕಾಯಿದೆ ಬಂದಿತ್ತು. ಗುರುತುಗಳ ನೋಂದಣಿಯ ವ್ಯವಸ್ಥೆಯಾದುದು 1940ರ ಕಾಯಿದೆಯಿಂದ. ಇವೆರಡನ್ನೂ ಒಂದುಗೂಡಿಸಿದ್ದು 1958ರ ಕಾಯಿದೆ. ಅದರ ಸ್ಥಾನದಲ್ಲಿ 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯು 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ಅದರ ಹನ್ನೆರಡನೆಯ ಅಧ್ಯಾಯದಲ್ಲಿ ಅಪರಾಧಗಳ ವಿವರವಿದೆ. ಒಡೆಯನ ಸಮ್ಮತಿಯಿಲ್ಲದೆ ಅವನ ಗುರುತನ್ನಾಗಲಿ, ಮೋಸಗೊಳಿಸುವಷ್ಟು ಅದನ್ನು ಹೋಲುವ ಗುರುತನ್ನಾಗಲಿ ತಯಾರಿಸುವುದು, ಸರಕಿಗೆ ಹಚ್ಚುವುದು 103ನೆಯ ಕಲಮಿನ ಅಪರಾಧ. ಅಂಥ ಸರಕನ್ನು ಮಾರುವುದು 104ನೆಯ ಕಲಮಿನ ಅಪರಾಧ. ಶಿಕ್ಷೆಯು ಆರು ತಿಂಗಳಿಗೆ ಕಡಿಮೆಯಿಲ್ಲದೆ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಗೆ ಕಡಿಮೆಯಿಲ್ಲದೆ 2 ಲಕ್ಷದವರೆಗೆ ಜುಲ್ಮಾನೆ. ವಿಶೇಷ ಕಾರಣಗಳಿದ್ದರೆ ಅವನ್ನು ತೀರ್ಪಿನಲ್ಲಿ ಬರೆದು ನ್ಯಾಯಾಲಯವು ಇದನ್ನು ಕಡಿಮೆ ಮಾಡಬಹುದು. ಹಣತೆಯ ಕುಡಿಯನ್ನು ಎಡಕ್ಕೆ ವಾಲಿಸಿದರೆ ಪಾರಾಗಬಹುದೆಂದು ಎಣಿಸಿದವನು 'ಹೋಲುವ' ಎಂಬ ಮಾತನ್ನು ಓದಿರಲಿಲ್ಲವೆಂದು ತೋರುತ್ತದೆ.

ನೋಂದಣಿಯಿಲ್ಲದ ಗುರುತಿಗೆ ಫೌಜದಾರಿ ರಕ್ಷಣೆಯುಂಟೇ ಎಂಬುದು ನನ್ನ ಶಿಷ್ಯನ ಪ್ರಶ್ನೆ. ಉತ್ತರವಿರುವುದು ಕಾಯಿದೆಯ ಎರಡನೆಯ ಕಲಮಿನ ಪರಿಭಾಷೆಯಲ್ಲಿ. ವ್ಯಾಕರಣದಲ್ಲಿ ಸಂಜ್ಞಾಪ್ರಕರಣವನ್ನು ಓದದೆ ಮುಂದಿನ ಸೂತ್ರಕ್ಕೆ ಹಾರಿದವನ ಗತಿಯೇ ಇಲ್ಲಿಯೂ ಆಗುತ್ತದೆ. 'ಟ್ರೇಡ್ ಮಾರ್ಕ್' ಎಂಬ ಶಬ್ದಕ್ಕೆ ಹನ್ನೆರಡನೆಯ ಅಧ್ಯಾಯದ ಮಟ್ಟಿಗೆ, 107ನೆಯ ಕಲಮೊಂದನ್ನು ಬಿಟ್ಟು, ಪ್ರತ್ಯೇಕವಾದ ಅರ್ಥವನ್ನು ಅಲ್ಲಿ ಕೊಡಲಾಗಿದೆ: ನೋಂದಣಿಯಾದ ಗುರುತು ಅಥವಾ ಸರಕಿಗೂ ಅದರ ಒಡೆಯನಿಗೂ ವ್ಯಾಪಾರದಲ್ಲಿರುವ ಸಂಬಂಧವನ್ನು ಸೂಚಿಸಲು ಬಳಕೆಯಲ್ಲಿರುವ ಗುರುತು. ಈ 'ಅಥವಾ' ಎಂಬ ಅವ್ಯಯದಲ್ಲಿಯೇ ನನ್ನ ಶಿಷ್ಯನ ಹಕ್ಕು ಅಡಗಿದೆ. ದಿವಾಣಿ ನ್ಯಾಯಾಲಯದಲ್ಲಿ ಉಲ್ಲಂಘನೆಯ ದಾವೆ ಹೂಡಬೇಕಾದರೆ ಮಾತ್ರ ನೋಂದಣಿ ಬೇಕೇ ಬೇಕು. ನೋಂದಣಿಯಿಲ್ಲದವನು ಅಲ್ಲಿ, ನನ್ನ ಸರಕೆಂದು ನಂಬಿಸಿ ತನ್ನ ಸರಕನ್ನು ಸಾಗಹಾಕಿದನೆಂಬ ಬೇರೆ ಬಗೆಯ ದಾವೆಯನ್ನು ತರಬೇಕು. ಫೌಜದಾರಿಯಲ್ಲಿ ಈ ಭೇದವಿಲ್ಲ. ಹಾಗೆಂದು ನೋಂದಣಿ ವ್ಯರ್ಥವೆಂದು ಯಾರೂ ತಿಳಿಯಬಾರದು. ನೋಂದಣಿಪತ್ರವು ತಾನೇ ಸಾಕ್ಷ್ಯವಾಗುತ್ತದೆ. ಅದಿಲ್ಲದವನು ಎಷ್ಟು ವರ್ಷದಿಂದ ಈ ಗುರುತಿನಲ್ಲಿ ಮಾರುತ್ತಿದ್ದೇನೆಂಬುದನ್ನು ಬಿಲ್ಲು, ಚೀಲ ಅಚ್ಚು ಹಾಕಿಸಿದ ರಸೀದಿ, ಜಾಹೀರಾತುಗಳಿಂದ ಒಂದೊಂದಾಗಿ ಸಿದ್ಧಪಡಿಸಬೇಕಾಗುತ್ತದೆ.

ಈಗ ಆ ತಾಯಿಗೆ ಹಾಕಿದ ಪ್ರಶ್ನೆ: "ನಿನಗೇನು ಸಂಬಂಧ?" ಪಾಣಿನಿಯನ್ನಾಗಲಿ ಕೇಶಿರಾಜನನ್ನಾಗಲಿ ಓದಿದವರಿಗೆ ಉತ್ಸರ್ಗ, ಅಪವಾದಗಳ ಕ್ರಮ ತಿಳಿದೇ ಇದೆ. ಸಾಮಾನ್ಯ ವಿಧಿಯೇ ಉತ್ಸರ್ಗ. ಅದನ್ನು ಬಾಧಿಸುವ ವಿಶೇಷ ವಿಧಿಯೇ ಅಪವಾದ. ಅಪವಾದವನ್ನು ಬಾಯಿಂದ ಹೇಳಿದರೆ ಸಾಲದು, ಸೂತ್ರವನ್ನು ತೋರಿಸಬೇಕು. ತೋರಿಸಲಾಗದಿದ್ದರೆ ಉತ್ಸರ್ಗವೇ ನಿಲ್ಲುತ್ತದೆ. ಫೌಜದಾರಿ ನ್ಯಾಯದ ಉತ್ಸರ್ಗವನ್ನು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 1984ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಗಳಾಗಿದ್ದ ಎ. ಆರ್. ಅಂತುಳೆಯವರ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅಪರಾಧವೆಂಬುದು ಸಮಾಜದ ವಿರುದ್ಧ ನಡೆದ ಕೃತ್ಯವಾದುದರಿಂದ, ಕಾಯಿದೆಯು ಬೇರೆ ವಿಧಿಸದಿದ್ದಲ್ಲಿ, ಫೌಜದಾರಿ ನ್ಯಾಯವನ್ನು ಯಾರು ಬೇಕಾದರೂ ಚಾಲನೆಗೆ ತರಬಹುದು ಎಂಬುದು ಅದರ ತಾತ್ಪರ್ಯ. ಅಲ್ಲಿ ಫಿರ್ಯಾದಿಯಾಗಿದ್ದವರು ಆ ವ್ಯವಹಾರದಲ್ಲಿ ಸ್ವಂತ ಹಣ ಕಳೆದುಕೊಂಡವರಲ್ಲ, ಒಬ್ಬ ನಾಗರಿಕರು. ಮಾನಹಾನಿಯಂಥ ಕೆಲವು ಅಪರಾಧಗಳಲ್ಲಿ ನೊಂದವರೇ ಬರಬೇಕೆಂಬ ಅಪವಾದವುಂಟು. 103, 104ನೆಯ ಕಲಮುಗಳಿಗೆ ಅಂಥ ಅಪವಾದವು ಟ್ರೇಡ್ ಮಾರ್ಕ್ಸ್ ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ಪ್ರತಿಯಾಗಿ 115ನೆಯ ಕಲಮಿನ ಮೂರನೆಯ ಉಪಕಲಮು ಇವನ್ನು ಸಂಜ್ಞೇಯ ಅಪರಾಧಗಳೆಂದು, ಎಂದರೆ ಪೋಲೀಸರು ನ್ಯಾಯಾಧೀಶರ ಅಪ್ಪಣೆಯನ್ನು ಕಾಯದೆ ತನಿಖೆ ಮಾಡಬಹುದಾದ ಅಪರಾಧಗಳೆಂದು ಸಾರುತ್ತದೆ. ಸಂಜ್ಞೇಯ ಅಪರಾಧದ ಸುದ್ದಿಯನ್ನು ಠಾಣೆಗೆ ಯಾರೂ ಕೊಡಬಹುದು. ದುಡ್ಡು ಕೊಟ್ಟು ಮೋಸಹೋದ ಗೃಹಿಣಿಗೆ ಸಂಬಂಧವಿಲ್ಲವೆನ್ನುವುದು ಹೇಗೆ?

ಒಂದು ಆಕ್ಷೇಪವನ್ನು ವಕೀಲ ಮಿತ್ರರು ತಾವೇ ಎತ್ತಿದರು. ಅಪರಾಧದ ಲಕ್ಷಣದಲ್ಲಿ 'ಒಡೆಯನ ಸಮ್ಮತಿಯಿಲ್ಲದೆ' ಎಂಬ ಮಾತಿರುವಾಗ, ಸಮ್ಮತಿಯಿತ್ತೋ ಇಲ್ಲವೋ ಎಂಬುದನ್ನು ಕೊಂಡವಳು ಹೇಗೆ ಬಲ್ಲಳು? ಇದಕ್ಕೂ 102ನೆಯ ಕಲಮೇ ಸಮಾಧಾನ ಹೇಳಿದೆ. ಒಡೆಯನ ಸಮ್ಮತಿಯಿತ್ತೆಂದು ಸಿದ್ಧಪಡಿಸುವ ಹೊಣೆ ಆಪಾದಿತನದೇ. ಆದರೂ ಗಿರಣಿಯ ಒಡೆಯನು ಬಂದು ಇದು ನನ್ನ ಚೀಲವಲ್ಲವೆಂದು ಸಾಕ್ಷಿ ನುಡಿಯದಿದ್ದರೆ ಫಿರ್ಯಾದು ಬಲವಾಗಿ ನಿಲ್ಲದು. ಫಿರ್ಯಾದು ಕೊಡುವ ಅಧಿಕಾರ ಬೇರೆ, ಅದನ್ನು ಗೆಲ್ಲುವ ಸಾಮಗ್ರಿ ಬೇರೆ.

ಅಪವಾದಗಳು ಎಲ್ಲಿವೆ? 115ನೆಯ ಕಲಮಿನ ಮೊದಲ ಉಪಕಲಮಿನಲ್ಲಿ. ಕಾಯಿದೆಯ ಮೂಲ ಪಾಠದಂತೆ 107, 108, 109ನೆಯ ಕಲಮುಗಳ ಅಪರಾಧಗಳನ್ನು ರಿಜಿಸ್ಟ್ರಾರರು ಅಥವಾ ಅವರಿಂದ ಲಿಖಿತ ಅಧಿಕಾರ ಪಡೆದವರು ಬರೆದುಕೊಟ್ಟ ದೂರಿನ ಹೊರತು ಯಾವ ನ್ಯಾಯಾಲಯವೂ ವಿಚಾರಣೆಗೆ ತೆಗೆದುಕೊಳ್ಳುವಂತಿರಲಿಲ್ಲ. ನೋಂದಣಿಯಾಗದ ಗುರುತನ್ನು ನೋಂದಣಿಯಾಗಿದೆಯೆಂದು ಹೇಳಿಕೊಳ್ಳುವುದು, ತನ್ನ ಅಂಗಡಿಗೆ ಟ್ರೇಡ್ ಮಾರ್ಕ್ ಕಚೇರಿಯ ಸಂಬಂಧವಿದೆಯೆಂದು ತೋರಿಸಿಕೊಳ್ಳುವುದು, ರಿಜಿಸ್ಟರಿನಲ್ಲಿ ಸುಳ್ಳು ದಾಖಲೆ ಸೇರಿಸುವುದು, ಇವು ಆ ಅಪರಾಧಗಳು. ಮೂರರಲ್ಲಿಯೂ ಪೆಟ್ಟು ಬೀಳುವುದು ರಿಜಿಸ್ಟರಿನ ಮರ್ಯಾದೆಗೆ. ಆದುದರಿಂದ ಅದರ ಪಾಲಕನೇ ಫಿರ್ಯಾದಿಯಾಗಬೇಕೆಂದು ಇಟ್ಟದ್ದು ಯುಕ್ತವೇ ಆಗಿದೆ. 2023ರ ಜನ ವಿಶ್ವಾಸ ಕಾಯಿದೆಯು 107ನೆಯ ಕಲಮಿನಿಂದ ಸೆರೆವಾಸವನ್ನು ತೆಗೆದು ದಂಡದ ಹಣವನ್ನಷ್ಟೇ ಉಳಿಸಿದೆ. ಈಗ ಅದು ವಹಿವಾಟಿನ ಶೇಕಡಾ ಅರ್ಧ ಅಥವಾ 5 ಲಕ್ಷ ರೂಪಾಯಿ, ಎರಡರಲ್ಲಿ ಕಡಿಮೆಯಾದುದು.

ಇಲ್ಲಿ ನನ್ನ ಶಿಷ್ಯನ ತಪ್ಪೊಂದನ್ನೂ ಮುಚ್ಚಿಡದೆ ಹೇಳಬೇಕು. ಅವನ ಚೀಲವನ್ನು ಕನ್ನಡಕ ಹಾಕಿಕೊಂಡು ನೋಡಿದಾಗ ಹಣತೆಯ ಪಕ್ಕದಲ್ಲಿ ವೃತ್ತದೊಳಗೆ ಇಂಗ್ಲಿಷಿನ 'ಆರ್' ಅಕ್ಷರ ಕಂಡಿತು. ನೋಂದಣಿಯಾದ ಗುರುತಿಗೆ ಮಾತ್ರ ಅದು ಸಲ್ಲುತ್ತದೆ. ಕೇಳಿದರೆ, "ಅಚ್ಚಿನವರು ಚಂದ ಕಾಣತೈತಿ ಅಂದ್ರು, ಹಾಕ್ಸಿದ್ನಿರಿ" ಎಂದ. ಪರರ ಕಳವನ್ನು ದೂರಲು ಹೊರಟವನ ಕೈಯಲ್ಲಿಯೇ ಸುಳ್ಳು ಮುದ್ರೆ! ಅಂದೇ ಆ ಅಕ್ಷರವನ್ನು ತೆಗೆಸಲು ಹೇಳಿ, ಫಿರ್ಯಾದಿನಲ್ಲಿ ಆ ಸಂಗತಿಯನ್ನು ಮರೆಮಾಚದೆ ಬರೆಸಿದೆನು. ಎದುರು ಪಕ್ಷದ ವಕೀಲರು ಮೊದಲು ಹಿಡಿಯುವುದು ಇಂಥದನ್ನೇ.

ಫಿರ್ಯಾದಿಗೆ ದಾರಿಗಳು ಎರಡು. ಮೊದಲನೆಯದು ಠಾಣೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಜಾರಿಯಲ್ಲಿದ್ದು, ಅದರ 173ನೆಯ ಕಲಮಿನಂತೆ ದೂರನ್ನು ದಾಖಲಿಸಬೇಕು. ಮೂರು ವರ್ಷ ಅಥವಾ ಅದಕ್ಕೆ ಮೇಲ್ಪಟ್ಟು ಏಳು ವರ್ಷಕ್ಕೆ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಡಿ.ವೈ.ಎಸ್.ಪಿ. ದರ್ಜೆಯವರ ಅನುಮತಿ ಪಡೆದು 14 ದಿನಗಳೊಳಗೆ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶವುಂಟು. ನಮ್ಮ ವಿಷಯವು ಈ ವರ್ಗಕ್ಕೇ ಸೇರುತ್ತದೆ. ಠಾಣೆಯಲ್ಲಿ ನಿರಾಕರಿಸಿದರೆ ದೂರಿನ ಸಾರವನ್ನು ಬರೆದು ಜಿಲ್ಲೆಯ ಪೋಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆಯಲ್ಲಿ ಕಳಿಸಬಹುದು. ಅಲ್ಲಿಯೂ ಫಲಿಸದಿದ್ದರೆ ಮ್ಯಾಜಿಸ್ಟ್ರೇಟರ ಮೊರೆಹೋಗಬಹುದು. ಎರಡನೆಯ ದಾರಿ ನೇರವಾಗಿ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ಫಿರ್ಯಾದು. ಅಲ್ಲಿ ಫಿರ್ಯಾದಿಯನ್ನು ಪ್ರಮಾಣದ ಮೇಲೆ ವಿಚಾರಿಸುತ್ತಾರೆ. ಹೊಸ ಸಂಹಿತೆಯಂತೆ ಆಪಾದಿತನಿಗೂ ಮಾತನಾಡಲು ಅವಕಾಶ ಕೊಟ್ಟ ಮೇಲೆಯೇ ಪ್ರಕರಣವನ್ನು ಅಂಗೀಕರಿಸಬೇಕು. ಎರಡರಲ್ಲಿ ಯಾವ ದಾರಿಯಾದರೂ ಮೂರು ವರ್ಷಗಳ ಕಾಲಮಿತಿಯನ್ನು ಮರೆಯಬಾರದು.

ಬಾಗಿಲು ವಿಶಾಲವಾಗಿದ್ದರೂ ಒಳಗೆ ಇಬ್ಬರು ಕಾವಲುಗಾರರಿದ್ದಾರೆ. ವಾರಂಟಿಲ್ಲದೆ ಅಂಗಡಿ, ಗೋದಾಮುಗಳನ್ನು ಶೋಧಿಸಿ ಸರಕು, ಅಚ್ಚು, ಯಂತ್ರಗಳನ್ನು ವಶಪಡಿಸಿಕೊಳ್ಳುವ ಅಧಿಕಾರವು ಡಿ.ವೈ.ಎಸ್.ಪಿ.ಗೆ ಕಡಿಮೆಯಿಲ್ಲದ ದರ್ಜೆಯ ಅಧಿಕಾರಿಗೆ ಮಾತ್ರ. ಅವರೂ ಶೋಧನೆಗೆ ಮೊದಲು ರಿಜಿಸ್ಟ್ರಾರರ ಅಭಿಪ್ರಾಯವನ್ನು ಪಡೆದು ಅದರಂತೆಯೇ ನಡೆಯಬೇಕು. ಕರ್ನಾಟಕಕ್ಕೆ ಸಂಬಂಧಿಸಿದ ಟ್ರೇಡ್ ಮಾರ್ಕ್ ಕಚೇರಿ ಚೆನ್ನೈಯಲ್ಲಿದೆ. ಎರಡು ಗುರುತುಗಳು ಹೋಲುತ್ತವೆಯೇ ಎಂಬುದು ತಜ್ಞರು ನಿರ್ಣಯಿಸಬೇಕಾದ ಮಾತು. ದ್ವೇಷದಿಂದ ಕೊಟ್ಟ ಅರ್ಜಿಯೊಂದರಿಂದ ಬಡ ವ್ಯಾಪಾರಿಯ ಅಂಗಡಿಗೆ ಬೀಗ ಬೀಳಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಇಲ್ಲಿಂದ ಚೆನ್ನೈಗೆ ಕಾಗದ ಹೋಗಿ ಬರುವಷ್ಟರಲ್ಲಿ ಸುಳ್ಳು ಸರಕು ಸಂತೆಯಿಂದ ಸಂತೆಗೆ ದಾಟಿಬಿಡುವುದೂ ಉಂಟು. ಕಾಯಿದೆಯ ಈ ಭಾಗವನ್ನು ಹಳ್ಳಿಯ ಸಂತೆಯನ್ನು ಕಾಣದವರು ಬರೆದರೆಂದು ನನಗೆ ಅನ್ನಿಸುತ್ತದೆ.

ನಮ್ಮ ನಾಡಿನ ಪ್ರಸಿದ್ಧ ಮುದ್ರೆಗೂ ಈ ಪೆಟ್ಟು ಬಿದ್ದಿದೆ. ಮೊದಲನೆಯ ಮಹಾಯುದ್ಧದಲ್ಲಿ ಶ್ರೀಗಂಧವನ್ನು ಯೂರೋಪಿಗೆ ಕಳಿಸಲಾಗದೆ ನಿಂತಾಗ ಮೈಸೂರು ಸರ್ಕಾರವು 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆಯನ್ನೂ, 1918ರಲ್ಲಿ ಸಾಬೂನಿನ ತಯಾರಿಕೆಯನ್ನೂ ಆರಂಭಿಸಿತು. ಮೈಸೂರು ಸ್ಯಾಂಡಲ್ ಸಾಬೂನಿನ ಮೇಲಿರುವುದು ಸಿಂಹದ ಮೈ, ಆನೆಯ ತಲೆಯುಳ್ಳ ಲಾಂಛನ. ಅದನ್ನು ಶರಭವೆನ್ನುತ್ತಾರೆ, ಪುರಾಣದ ಶರಭಕ್ಕೆ ಎಂಟು ಕಾಲುಗಳು, ಆದುದರಿಂದ ಗಜಸಿಂಹವೆಂದರೆ ಹೆಚ್ಚು ಒಪ್ಪುತ್ತದೆಯೆಂದು ನನ್ನ ಮತ. ಅದಿರಲಿ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಈ ಸಾಬೂನಿನ ನಕಲು ತಯಾರಾಗುತ್ತಿದ್ದುದು ಬಯಲಿಗೆ ಬಂದಿತು. ಹೆಸರು ತಿಳಿಸದ ಯಾರೋ ದೂರವಾಣಿಯಲ್ಲಿ ಕೊಟ್ಟ ಸುಳಿವೇ ಅದಕ್ಕೆ ಮೂಲವೆಂದು ಕರ್ನಾಟಕದ ಕೈಗಾರಿಕಾ ಸಚಿವರು ಆಗ ತಿಳಿಸಿದ್ದರು. ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಗಮದವರು ಮೊದಲು ಆ ಸರಕನ್ನು ತಾವೇ ಕೊಂಡು ಪರೀಕ್ಷಿಸಿ, ಬಳಿಕ ಅಲ್ಲಿನ ಮಲಕಪೇಟೆ ಠಾಣೆಯಲ್ಲಿ ದೂರು ಕೊಟ್ಟರು. ಸುಮಾರು 2 ಕೋಟಿ ರೂಪಾಯಿ ಬೆಲೆಯ ಸರಕು, ಪೆಟ್ಟಿಗೆಗಳು ಸಿಕ್ಕಿದವೆಂದು ಪತ್ರಿಕೆಗಳಲ್ಲಿ ಬಂದಿತ್ತು.

ಈ ಪ್ರಸಂಗದಿಂದ ತಿಳಿಯಬೇಕಾದುದು ಬಹಳವಿದೆ. ದಿವಾಣಿ ದಾವೆಯನ್ನು ನೋಂದಣಿಯ ಒಡೆಯನು ತಾನು ವಾಸಿಸುವ, ವ್ಯಾಪಾರ ಮಾಡುವ ಸ್ಥಳದಲ್ಲಿಯೇ ಹೂಡಬಹುದು. ಅಪರಾಧದ ವಿಚಾರಣೆ ಸಾಮಾನ್ಯವಾಗಿ ಅಪರಾಧ ನಡೆದೆಡೆಯಲ್ಲಿಯೇ ಆಗುತ್ತದೆ. ಬೆಂಗಳೂರಿನ ನಿಗಮದವರು ಹೈದರಾಬಾದಿನ ಠಾಣೆಗೆ ಹೋದುದು ಇದಕ್ಕಾಗಿ. ನಿಗಮಕ್ಕೆ ತನ್ನದೆಂಬ ಶರೀರವಿಲ್ಲದ್ದರಿಂದ ಅದರ ಪರವಾಗಿ ಅಧಿಕಾರಪತ್ರವುಳ್ಳ ಮನುಷ್ಯನೊಬ್ಬನು ಬರಬೇಕು. ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಸಿಮೆಂಟ್ ಕಂಪನಿಯೊಂದರ ಪ್ರಕರಣದಲ್ಲಿ ಇದನ್ನು ವಿವರಿಸಿದೆ. ಎಲ್ಲಕ್ಕಿಂತ ಮಿಗಿಲಾಗಿ, ಒಡೆಯನಲ್ಲದ, ಹೆಸರೂ ಹೇಳದ ಒಬ್ಬ ಸಾಮಾನ್ಯನ ಮಾತಿನಿಂದ ಇಷ್ಟೂ ನಡೆಯಿತು.

ಹಾಗೆಂದು ಹೋಲಿಕೆ ಕಂಡಲ್ಲೆಲ್ಲ ಅಪರಾಧವನ್ನು ಊಹಿಸಬಾರದು. 'ನಂದಿನಿ' ಎಂಬ ಹೆಸರಿಗಾಗಿ ಕರ್ನಾಟಕ ಹಾಲು ಮಹಾಮಂಡಲಕ್ಕೂ ಬೆಂಗಳೂರಿನ ನಂದಿನಿ ಡೀಲಕ್ಸ್ ಉಪಾಹಾರಗೃಹದವರಿಗೂ ವ್ಯಾಜ್ಯ ನಡೆದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಮಹಾಮಂಡಲದವರು 1985ರಿಂದ, ಉಪಾಹಾರಗೃಹದವರು 1989ರಿಂದ ಆ ಹೆಸರನ್ನು ಬಳಸಿದವರು. ನಂದಿನಿಯೆಂಬುದು ಯಾರೊಬ್ಬರೂ ಸೃಷ್ಟಿಸಿದ ಶಬ್ದವಲ್ಲ, ಎರಡು ಗುರುತುಗಳ ರೂಪವೂ ಬೇರೆ, ಸರಕೂ ಬೇರೆ ಎಂದು ನ್ಯಾಯಾಲಯವು ಹಾಲು ಮತ್ತು ಹಾಲಿನ ಪದಾರ್ಥಗಳ ಹೊರತು ಉಪಾಹಾರಗೃಹದವರಿಗೆ ನೋಂದಣಿಯನ್ನು ಒಪ್ಪಿತು. ವಸಿಷ್ಠರ ಹಸುವಿನ ಹೆಸರನ್ನು ರಘುವಂಶದಲ್ಲಿ ಓದಿದವರಿಗೆ ಈ ತೀರ್ಪು ಆಶ್ಚರ್ಯವನ್ನು ತರಲಾರದು.

ಅಂಗಡಿಕಾರರಾದ ಹಳೆಯ ವಿದ್ಯಾರ್ಥಿಗಳು ಒಂದು ಮಾತನ್ನು ನೆನಪಿಡಬೇಕು. ನಕಲಿ ಸರಕು ತಿಳಿಯದೆ ನಿಮ್ಮ ಅಂಗಡಿಗೆ ಬಂದಿದ್ದರೆ, ತಕ್ಕ ಎಚ್ಚರಿಕೆ ವಹಿಸಿದ್ದೆನೆಂದೂ, ಸಂಶಯಪಡಲು ಕಾರಣವಿರಲಿಲ್ಲವೆಂದೂ, ಕೇಳಿದಾಗ ಯಾರಿಂದ ಕೊಂಡೆನೆಂಬುದನ್ನು ತಿಳಿಸಿದೆನೆಂದೂ ತೋರಿಸಿದರೆ ಕಾಯಿದೆಯು ನಿಮ್ಮನ್ನು ಬಿಡುತ್ತದೆ. ಚೀಲ, ಚೀಟಿಗಳನ್ನು ಅಚ್ಚು ಹಾಕುವವರಿಗೂ ಇಂಥದೇ ರಕ್ಷಣೆಯುಂಟು. ಆದುದರಿಂದ ಬಿಲ್ಲಿಲ್ಲದೆ ಅಗ್ಗಕ್ಕೆ ಸಿಕ್ಕಿತೆಂದು ಸರಕು ತುಂಬಿಕೊಳ್ಳುವವನು ತನ್ನ ರಕ್ಷಣೆಯನ್ನು ತಾನೇ ಕಳೆದುಕೊಳ್ಳುತ್ತಾನೆ. ಆಧಾರವಿಲ್ಲದ ಫಿರ್ಯಾದು ಕೊಟ್ಟವನಿಂದ ಆಪಾದಿತನಿಗೆ ಪರಿಹಾರ ಕೊಡಿಸಲೂ ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ.

ಆ ಸಂಜೆ ನಾನು ಎರಡು ಅರ್ಜಿಗಳನ್ನು ಬರೆದುಕೊಟ್ಟೆನು. ಒಂದು ಗಿರಣಿಯವನದು, ಒಂದು ಖಾನಾವಳಿಯ ತಾಯಿಯದು. ಒಂದೇ ಅರ್ಜಿ ಸಾಲದೇ ಎಂದು ಶಿಷ್ಯ ಕೇಳಿದ. ಸಾಲುತ್ತಿತ್ತು. ಆದರೆ ಅವರಿಗಾದ ನಷ್ಟವನ್ನು ಇವನು ಹೇಳಿದರೆ ಕೇಳಿದ ಮಾತಾಗುತ್ತದೆ, ಅವರೇ ಹೇಳಿದರೆ ಕಂಡ ಮಾತಾಗುತ್ತದೆ. ಆಕೆ ಅಂಗಡಿಯಿಂದ ಬಿಲ್ಲನ್ನು ಕೇಳಿ ಪಡೆದಿದ್ದರು, ಚೀಲದ ಬಾಯಿಯ ಹೊಲಿಗೆಯ ದಾರವನ್ನೂ ಬಿಸಾಡದೆ ಇಟ್ಟಿದ್ದರು. ಅರ್ಜಿಗಳು ರಿಜಿಸ್ಟರ್ಡ್ ಅಂಚೆಯಲ್ಲಿ ರಾಯಚೂರಿಗೆ ಹೋದವು. ಎರಡು ವಾರದ ಮೇಲೆ ಇಬ್ಬರಿಗೂ ಠಾಣೆಯಿಂದ ಕರೆ ಬಂದು ಹೇಳಿಕೆಗಳನ್ನು ಬರೆದುಕೊಂಡರು. ಗಿರಣಿಯವನು 4,500 ರೂಪಾಯಿ ಶುಲ್ಕ ಕಟ್ಟಿ ತನ್ನ ಗುರುತಿನ ನೋಂದಣಿಗೂ ಅರ್ಜಿ ಹಾಕಿದ್ದಾನೆ. ಚೆನ್ನೈಯ ಅಭಿಪ್ರಾಯ ಬರಬೇಕಾಗಿದೆ. ಎಡಕ್ಕೆ ವಾಲಿದ ಹಣತೆಯ ಚೀಲವು ಈಗ ಠಾಣೆಯ ವಶದಲ್ಲಿದೆ.